ಇರುವ ಮನೆ ಮಾರಿ ಬೇರೆ ಮನೆ ಕೊಳ್ಳಬೇಕು. ಮೊದಲು ಮಾರಬೇಕಾ, ಕೊಳ್ಳಬೇಕಾ?

ಕೈಯಲ್ಲಿ ಧಾರಾಳವಾಗಿ ದುಡ್ಡಿಲ್ಲದಿದ್ದರೆ ಮೊದಲು ಮಾರುವುದೇ ವಾಸಿ. ಹೊಸ ಮನೆ ಕೊಂಡಾಯಿತು, ಹಳೆಯದು ಮಾರಾಟವಾಗದೆ ಕೂತಿತು ಅಂದರೆ ಎರಡು ಕಡೆ ಕಂತು ಕಟ್ಟಬೇಕು. ನಿಮ್ಮ ಅವಸರ ಕೊಳ್ಳುವವರಿಗೆ ಗೊತ್ತಾಯಿತೋ, ಚೌಕಾಸಿ ಜಾಸ್ತಿಯಾಗುತ್ತದೆ.

ಮಾರಿದ ಮೇಲೆ ಎಲ್ಲಿರೋದು ಅನ್ನುವುದೇ ನಿಜವಾದ ತಲೆನೋವು. ಇದಕ್ಕೆ ದಾರಿ ಕರಾರು ಪತ್ರದಲ್ಲೇ ಇದೆ. ಮನೆ ಬಿಟ್ಟುಕೊಡುವ ದಿನವನ್ನು ಎರಡು ಮೂರು ತಿಂಗಳು ಮುಂದಕ್ಕೆ ಕೇಳಿ. ಒಪ್ಪದಿದ್ದರೆ, ಮಾರಿದ ಮನೆಯಲ್ಲೇ ಸ್ವಲ್ಪ ಕಾಲ ಬಾಡಿಗೆಗೆ ಇರುತ್ತೇವೆ ಅನ್ನಿ. ಇದಕ್ಕಾಗಿ ಬೆಲೆಯಲ್ಲಿ ಒಂಚೂರು ಬಿಟ್ಟರೂ ಪರವಾಗಿಲ್ಲ. ಎರಡೆರಡು ಸಲ ಸಾಮಾನು ಸಾಗಿಸೋದು ತಪ್ಪುತ್ತದೆ, ಅಲ್ವಾ? ಬಾಯಿಮಾತು ಮಾತ್ರ ಬೇಡ. ದಿನಾಂಕ ಹಾಕಿ ಬರೆಸಿ, ತಡವಾದರೆ ಏನು ಅನ್ನುವುದನ್ನೂ ಸೇರಿಸಿ.

ಅಷ್ಟರಲ್ಲಿ ಎಷ್ಟು ಸಾಲ ಸಿಗುತ್ತದೆಂದು ಬ್ಯಾಂಕಿನಲ್ಲಿ ಕೇಳಿಡಿ. ನೋಂದಣಿ, ದಲ್ಲಾಳಿ, ವಕೀಲರ ಖರ್ಚನ್ನು ಬೇರೆ ಎತ್ತಿಡಿ. ಹಳೆ ಮನೆ ಮೇಲೆ ಸಾಲವಿದ್ದರೆ ತೀರಿಸಿ ಪತ್ರ ಬಿಡಿಸಿಕೊಳ್ಳಲು ಸಮಯ ಹಿಡಿಯುತ್ತದೆ, ಕೊಳ್ಳುವವರಿಗೆ ಅದನ್ನು ಮೊದಲೇ ಹೇಳಿ.

ಹೊಸ ಮನೆ ನೋಡಲು ಹೋದಾಗ ಸುಮ್ನೆ ಒಂದು ಸುತ್ತು ಹಾಕಿ ಬರಬೇಡಿ. ನಲ್ಲಿಗಳನ್ನೆಲ್ಲ ಒಟ್ಟಿಗೆ ಬಿಟ್ಟು ನೀರಿನ ರಭಸ ನೋಡಿ. ಬಚ್ಚಲಿನ ಆಚೆ ಬದಿಯ ಗೋಡೆಯನ್ನು ಮುಟ್ಟಿ ನೋಡಿ. ಇಡೀ ಮನೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ ಬಳಿದಿದ್ದರೆ ಅನುಮಾನ ಪಡಿ, ಒಳಗೆ ನೀರು ಸೋರುತ್ತಿರಬಹುದು. ಸಾಧ್ಯವಾದರೆ ಜೋರು ಮಳೆಯ ಮರುದಿನ ಇನ್ನೊಮ್ಮೆ ಹೋಗಿ.