ಅಲಮೇಲಮ್ಮನ ಶಾಪ ಸತ್ಯವಾ?

"ಪುರಾಣ, ಐತಿಹ್ಯಗಳು ಹಾಗೇ ನಡೆದದ್ದಲ್ಲ ಅಂತ ಗೊತ್ತಿದ್ದರೂ ನಂಬಿದವರಿಗೆ ಅದರಲ್ಲಿ ಅರ್ಥ ಸಿಗುತ್ತದೆ. ಹಾಗಿದ್ದರೆ ಅದೂ ಒಂದು ಸತ್ಯವೇ ಅಲ್ವಾ?" ಅಂತ ಕೇಳಿದ್ದೀರಿ. ನಾನು ಮೈಸೂರಿನವನು. ನಮ್ಮ ಕಡೆ ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನಿಂದ ಶ್ರೀರಂಗಪಟ್ಟಣವನ್ನು ತಗೊಂಡರು. ಇಷ್ಟು ಇತಿಹಾಸ. ಮುಂದಿನದು ಜನ ಹೇಳುವ ಕಥೆ. ತಿರುಮಲರಾಯನ ಹೆಂಡತಿ ಅಲಮೇಲಮ್ಮನ ಒಡವೆ ಬೇಕು ಅಂತ ಸೈನಿಕರು ಬೆನ್ನು ಹತ್ತುತ್ತಾರೆ. ಆಕೆ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗೆ ಮಕ್ಕಳಾಗದಿರಲಿ" ಅಂತ ಶಪಿಸಿ ಕಾವೇರಿಗೆ ಹಾರುತ್ತಾಳೆ. ಈ ಮೂರು ಮಾತು ನಮ್ಮಲ್ಲಿ ಬಾಯಿಪಾಠ ಬಾರದವರು ಕಡಿಮೆ.

ಹಾಗಾದರೆ ಶಾಪ ಫಲಿಸಿತಾ? ತಲಕಾಡಿಗೆ ಹೋದರೆ ಹೌದು ಅನ್ನಿಸದೆ ಇರುವುದಿಲ್ಲ. ಗುಡಿಗಳು ಮರಳಿನ ಗುಂಡಿಯೊಳಗೆ ಕೂತಿವೆ, ಮೆಟ್ಟಿಲಿಳಿದು ಹೋಗಬೇಕು. (ಬೇಸಿಗೆ ಮಧ್ಯಾಹ್ನ ಮಾತ್ರ ಹೋಗಬೇಡಿ, ಅಂಗಾಲು ಸುಟ್ಟುಹೋಗುತ್ತದೆ.) ಆದರೆ ಅಲ್ಲಿ ಹೊಳೆ ಜೋರಾಗಿ ತಿರುಗುತ್ತದೆ. ತಿರುವಿನ ಒಂದು ಬದಿ ಮರಳು ಬೀಳುತ್ತದೆ, ಇನ್ನೊಂದು ಬದಿ, ಅಂದರೆ ಎದುರು ದಡದ ಮಾಲಂಗಿ ಊರಿನ ಕಡೆ, ನೀರು ಕೊರೆದು ಮಡು ಆಗುತ್ತದೆ. ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟೆ ಬಂದ ಮೇಲೆ ಹರಿವು ತಗ್ಗಿ ಮರಳ ದಿಬ್ಬ ಮೇಲೆದ್ದಿತು, ಗಾಳಿ ಅದನ್ನು ಊರಿನ ಮೇಲೆ ತಂದು ಸುರಿಯಿತು ಅನ್ನುವುದು ಭೂವಿಜ್ಞಾನ ಬಲ್ಲವರು ಕೊಡುವ ವಿವರಣೆ. ಇದಕ್ಕೆ ಶಾಪ ಬೇಕಾಗಿಲ್ಲ.

ಇನ್ನು ಮಕ್ಕಳ ವಿಷಯ. ಮುಮ್ಮಡಿ ಕೃಷ್ಣರಾಜ ಒಡೆಯರು ದತ್ತು ತಗೊಂಡರು ನಿಜ. ಆದರೆ ಆ ದತ್ತುಪುತ್ರ ಚಾಮರಾಜೇಂದ್ರ ಒಡೆಯರಿಗೆ ಮಕ್ಕಳಾದರು. ಅವರ ಮಗ ನಾಲ್ವಡಿಯವರಿಗೆ ಆಗಲಿಲ್ಲ, 1940ರಲ್ಲಿ ತಮ್ಮನ ಮಗ ಜಯಚಾಮರಾಜರು ಪಟ್ಟಕ್ಕೆ ಬಂದರು. ಅವರಿಗೆ ಮಗ ಹುಟ್ಟಿದರು. ಆ ಮಗ ಶ್ರೀಕಂಠದತ್ತರು 2013ರಲ್ಲಿ ಮಕ್ಕಳಿಲ್ಲದೆ ತೀರಿಕೊಂಡರು. 2015ರಲ್ಲಿ ದತ್ತು ಬಂದ ಯದುವೀರರಿಗೆ 2017ರಲ್ಲಿ ಗಂಡುಮಗು ಆಯಿತು. ಶಾಪದಲ್ಲಿ ಇದ್ದದ್ದು ಮಕ್ಕಳೇ ಆಗದಿರಲಿ ಅಂತ. ಆದಾಗಲೆಲ್ಲ ಜನ "ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ" ಅಂತ ತೇಪೆ ಹಾಕಿಕೊಂಡರು. ಏನೇ ಆದರೂ ಸರಿಹೊಂದುವ ಮಾತನ್ನು ಕಾರಣ ಅಂತ ಒಪ್ಪುವುದು ಹೇಗೆ? ನಾನಂತೂ ಒಪ್ಪುವುದಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನನ್ನ ಉತ್ತರ "ಇಲ್ಲ" ಅಂತಲೇ ಇರುತ್ತಿತ್ತು. ಆದರೆ ಮೈಸೂರು ಅರಮನೆಯಲ್ಲಿ ಅಲಮೇಲಮ್ಮನ ಮೂರ್ತಿ ಇಟ್ಟು ನವರಾತ್ರಿಯಲ್ಲಿ ಪೂಜೆ ಮಾಡುವ ಪದ್ಧತಿ ಇದೆ. ಸ್ವಲ್ಪ ಯೋಚನೆ ಮಾಡಿ. ಗೆದ್ದವರ ಮನೆ, ಗೆಲುವಿನ ಹಬ್ಬ. ಜಂಬೂಸವಾರಿಗೆ ಊರೆಲ್ಲ ಸಿಂಗಾರ. ಅದರ ನಡುವೆ, ತಮ್ಮ ವಂಶ ಹಾಳಾಗಲಿ ಅಂದ ಹೆಂಗಸಿಗೆ ಕೈಮುಗಿಯುತ್ತಾರೆ. ಮಾಮೂಲಾಗಿ ಗೆದ್ದವರ ಚರಿತ್ರೆಯಲ್ಲಿ ಸೋತವರ ಹೆಂಡತಿಗೆ ಅರ್ಧ ಸಾಲೂ ಸಿಗುವುದಿಲ್ಲ, ಅಲ್ವಾ? ಒಬ್ಬಳಿಗೆ ಅನ್ಯಾಯ ಆಯಿತು, ಮಾಡಿದ್ದು ನಮ್ಮವರೇ ಅನ್ನುವುದನ್ನು ಈ ಕಥೆ ನಾನೂರು ವರ್ಷ ಮರೆಯದ ಹಾಗೆ ನೋಡಿಕೊಂಡಿದೆ. ಇದನ್ನು ಸತ್ಯ ಅನ್ನಲು ನನಗೆ ಅಡ್ಡಿಯಿಲ್ಲ.

ಆದರೆ "ನಂಬಿದವರಿಗೆ ಅದೇ ಸತ್ಯ" ಅಂತ ಸಲೀಸಾಗಿ ಬಿಡುವುದಕ್ಕೂ ಆಗುವುದಿಲ್ಲ. ಮಳವಳ್ಳಿ ಕಡೆ ಕೊಟ್ಟ ನಮ್ಮ ಸೋದರತ್ತೆ ಮಗಳಿಗೆ ಮದುವೆಯಾಗಿ ಸುಮಾರು ವರ್ಷ ಮಕ್ಕಳಾಗಲಿಲ್ಲ. ನಾಗದೋಷ ಅಂದರು. ಹುಡುಗಿಯ ತವರಿನ ಕಡೆಯಿಂದ ಬಂದದ್ದು ಅಂದರು. ಅಶ್ವತ್ಥಕಟ್ಟೆಯಲ್ಲಿ ನಾಗರಕಲ್ಲು ಪ್ರತಿಷ್ಠೆ ಆಯಿತು, ಖರ್ಚು ತವರಿನವರದ್ದು. ಬೀಗರ ಮನೆಯ ಸೀಮಂತಕ್ಕೆ ಆಕೆಯನ್ನು ಕರೆಯಲಿಲ್ಲ. ಕರೆಯದೆ ಹೋದವಳ ಕೈಗೆ ಆರತಿ ತಟ್ಟೆ ಕೊಡದೆ ಅಡುಗೆಮನೆಗೆ ಕಳಿಸಿದರು. ಕೊನೆಗೆ ಮೈಸೂರಿಗೆ ಕರೆತಂದು ಇಬ್ಬರಿಗೂ ಪರೀಕ್ಷೆ ಮಾಡಿಸಿದಾಗ ಆಕೆಯದ್ದೆಲ್ಲ ಸರಿಯಿತ್ತು, ಗಂಡನ ವೀರ್ಯಾಣು ಸಂಖ್ಯೆ ಕಡಿಮೆ ಇತ್ತು. ಇದೇನೂ ಅಪರೂಪ ಅಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನದ್ದೂ ಒಂದು ಕಾರಣ ಇರುತ್ತದೆ. ಅವಳ ಅತ್ತೆ ಆ ರಿಪೋರ್ಟನ್ನು ನಂಬಲೇ ಇಲ್ಲ. ಅವರ ಮನಸ್ಸಿಗೂ ನಾಗದೋಷದಲ್ಲಿ ಒಂದು ಅರ್ಥ ಸಿಕ್ಕಿತ್ತು, ಸಮಾಧಾನವೂ ಸಿಕ್ಕಿತ್ತು.

ಎರಡೂ ಕಡೆ ಇರುವುದು ಮಕ್ಕಳಾಗದ ಮನೆ, ಹಿಂದಿನ ಯಾವುದೋ ದೋಷ. ಅರಮನೆ ಆ ಹೊರೆಯನ್ನು ತನ್ನ ತಲೆ ಮೇಲೆ ಹೊತ್ತುಕೊಂಡಿತು. ಈ ಮನೆಯವರು ಅದನ್ನು ಸೊಸೆಯ ತಲೆಗೆ ಕಟ್ಟಿದರು. ಹಾಗಾಗಿ ಯಾರಾದರೂ "ಇದು ನನ್ನ ಸತ್ಯ" ಅಂದಾಗ ನಾನು ಮೊದಲು ನೋಡುವುದು ಅದರ ಖರ್ಚು ಯಾರ ಮೇಲೆ ಬೀಳುತ್ತಿದೆ ಅಂತ. ಬೇರೆಯವರ ಮೇಲೆ ಬೀಳುತ್ತಿದ್ದರೆ ಸುಮ್ನೆ ಅರ್ಥ, ಭಾವನೆ ಅಂದರೆ ಸಾಲದು. ರಿಪೋರ್ಟ್ ತೋರಿಸಿ, ದಾಖಲೆ ತೋರಿಸಿ ಅಂತ ಕೇಳಲೇಬೇಕು.

ಅರಮನೆಯವರು ಪೂಜೆ ಮಾಡುವುದು ಪಶ್ಚಾತ್ತಾಪಕ್ಕಲ್ಲ, ಬರೀ ಹೆದರಿಕೆಗೆ ಅಂತ ನೀವು ವಾದಿಸಬಹುದು. ಇದ್ದರೂ ಇರಬಹುದು, ಅಲ್ಲ ಅಂತ ನಾನು ಜಗಳಕ್ಕೆ ಬರುವುದಿಲ್ಲ. ಹೆದರಿಕೆಗೇ ಆಗಿರಲಿ, ಅವಳ ಹೆಸರನ್ನು ಅಳಿಸಲಿಲ್ಲವಲ್ಲ.