ಅಪ್ಪನ ಕಾರ್ಡ್ ಬಂತು, ಅವ್ವನ ವಯಸ್ಸು ತಪ್ಪೈತಿ

ಮಹಾರಾಷ್ಟ್ರದ ಜತ್ತ ತಾಲೂಕಿನ ಓದುಗರೊಬ್ಬರು ಬರದಾರ: ಅಪ್ಪಗ 76, ಅವ್ವಗ 71, ಆದ್ರ ಅವ್ವನ ಆಧಾರದಾಗ 66 ಅಂತ ಬಿದ್ದೈತಿ. ನಮ್ಮದು ಕೇಶರಿ ರೇಶನ್ ಕಾರ್ಡ್. ಅಪ್ಪಗ ಆಯುಷ್ಮಾನ್ ಕಾರ್ಡ್ ಸಿಕ್ತು, ಇನ್ನ ಅವರ ಪ್ರೈವೇಟ್ ಪಾಲಿಸಿ ಬಿಟ್ಟುಬಿಡ್ಲಾ? ಅವ್ವನ ಕತಿ ಏನ್ರಿ?

ನೋಡ್ರಿ, ಪಾಲಿಸಿ ಈಗಲೇ ಬಿಡಬ್ಯಾಡ್ರಿ. ಅಪ್ಪಗ ಸಿಕ್ಕಿದ್ದು, 70 ದಾಟಿದವರಿಗೆ 2024ರ ಅಕ್ಟೋಬರದಾಗ ಶುರುವಾದ ಆಯುಷ್ಮಾನ್ ವಯ ವಂದನಾ ಕಾರ್ಡ್, ಚಲೋ ಐತಿ, ಆದಾಯ ಕೇಳೂದಿಲ್ಲ, ಬಿಪಿ ಶುಗರ್ ಹಳೇದಿದ್ರೂ ಮೊದಲ ದಿನದಿಂದಲೇ ನಡೀತೈತಿ, ಪ್ರೈವೇಟ್ ಪಾಲಿಸಿ ಇದ್ದವರೂ ಮಾಡಿಸಬಹುದು. ಆದ್ರ ಅದು ಅಡ್ಮಿಟ್ ಆದವರ ಕಾರ್ಡ್. ತಿಂಗಳ ಗುಳಗಿ, ಸುಮ್ನ ಡಾಕ್ಟರಿಗೆ ತೋರಿಸಿ ಬರೂದು, ಇವಕ್ಕೆಲ್ಲ ಕೈಯಿಂದಲೇ ರೊಕ್ಕ ಕೊಡಬೇಕು. ಇನ್ನೊಂದು, ನೀವು ಮಿರಜಕ್ಕೋ ವಿಜಯಪುರಕ್ಕೋ ಹೋಗೂ ದವಾಖಾನಿ ಈ ಯೋಜನೆದಾಗ ಇರಬೇಕು, ಆ ಆಪರೇಶನ್ನೂ ಅವರ ಪಟ್ಟಿದಾಗ ಇರಬೇಕು. ಇದನ್ನ ಕೇಳಿ ತಿಳ್ಕೊಳ್ಳದ ಕಂತು ನಿಲ್ಲಿಸಿದ್ರಿ ಅಂದ್ರ, ನಾಳೆ 76ರ ವಯಸ್ಸಿನಾಗ ಹೊಸ ಪಾಲಿಸಿ ಸಿಕ್ರೂ ಹಳೇ ರೋಗಕ್ಕ ಮೂರು ವರ್ಷದ ತನಕ ಕಾಯಿಸಬಹುದು.

ಈ ಕಾರ್ಡಿನಾಗ ಸಿಗೂ 5 ಲಕ್ಷ ರೂಪಾಯಿ ಚಿಕಿತ್ಸೆ ಒಬ್ಬೊಬ್ಬರಿಗೆ ಅಲ್ಲ, ಮನ್ಯಾಗಿನ 70 ದಾಟಿದವರೆಲ್ಲಾ ಸೇರಿ ವರ್ಷಕ್ಕ ಅಷ್ಟು. ನಿಮ್ಮ ಮನಿ ಮೊದಲಿಂದ ಆಯುಷ್ಮಾನ್‌ದಾಗ ಇದ್ರ ಮಾತ್ರ ಹಿರಿಯರದು ಬ್ಯಾರೆ 5 ಲಕ್ಷ.

ಈಗ ಅವ್ವಂದು. ಆಧಾರದಾಗ 66 ಇರೂತನಕ ಅವರಿಗೆ ಈ ಕಾರ್ಡ್ ಸಿಗೂದಿಲ್ಲ. ನಮ್ಮ ಕಡೆ ಎಷ್ಟ್ ಮಂದಿ ತಾಯಂದಿರದು ಇದೇ ಹಾಡು, ಯಾವ ಜಾತ್ರಿ ಹಿಂದ ಮುಂದ ಹುಟ್ಟಿದ್ರು ಅನ್ನೂದಷ್ಟ ಗೊತ್ತು, ಆಧಾರ ತೆಗಸೂ ದಿನ ಕಂಪ್ಯೂಟರ್ ಮುಂದ ಕುಂತವ ಅಂದಾಜಿಲೆ ಒಂದ್ ವರ್ಷ ಹಾಕಿಬಿಟ್ಟ, ಈಗ ಸರ್ಕಾರಕ್ಕ ಅದೇ ಖರೇ ವಯಸ್ಸು. ಅದನ್ನ ನೆನಸಿದ್ರ ನನಗ ಭಾಳ ಸಂಕಟ ಆಗ್ತೈತಿ. ಶಾಲಿ ದಾಖಲೆ, ಜನ್ಮ ದಾಖಲೆ ಏನರ ಇದ್ರ ಆಧಾರ ಕೇಂದ್ರಕ್ಕ ಹೋಗಿ ತಿದ್ದಸ್ರಿ, ಹುಟ್ಟಿದ ತಾರೀಕು ಬದಲಿಸಾಕ ಒಂದೇ ಸಲ ಅವಕಾಶ, ಹಂಗಾಗಿ ಕಾಗದ ಪಕ್ಕಾ ಮಾಡಿಕೊಂಡೇ ಹೋಗ್ರಿ. ಹೊಲದಾಗ ದುಡಿದ ಕೈ, ಬೆರಳ ಗುರುತು ಬರಲಿಲ್ಲಂದ್ರ ಕಾರ್ಡ್ ಮಾಡಸೂವಾಗ ಮುಖ ತೋರಿಸಿಯೂ, ಓಟಿಪಿಲೆಯೂ ಆಗ್ತೈತಿ.

ಅಲ್ಲೀತನಕ ಅವ್ವ ಬರಿಗೈಲೆ ಇಲ್ಲ. ಮಹಾರಾಷ್ಟ್ರ ಸರ್ಕಾರದ ಮಹಾತ್ಮಾ ಫುಲೆ ಜನಆರೋಗ್ಯ ಯೋಜನೆ 2024ರ ಜುಲೈದಿಂದ ಹಳದಿ, ಕೇಶರಿ, ಬಿಳಿ ಎಲ್ಲಾ ರೇಶನ್ ಕಾರ್ಡಿಗೂ ಐತಿ, ಮನಿಗೆ ವರ್ಷಕ್ಕ 5 ಲಕ್ಷ, ವಯಸ್ಸಿನ ಕಟ್ಟು ಇಲ್ಲ. ರೇಶನ್ ಕಾರ್ಡಿನಾಗ ಅವ್ವನ ಹೆಸರು ಐತಿಲ್ಲೋ ಅದನ್ನ ಇವತ್ತೇ ನೋಡ್ರಿ. ಅಡ್ಮಿಟ್ ಮಾಡೂ ಮೊದಲ ದವಾಖಾನಿಯೊಳಗ ಯೋಜನೆ ಕೆಲಸ ನೋಡ್ಕೊಳ್ಳೂ ಆರೋಗ್ಯಮಿತ್ರನ ಟೇಬಲ್ಲಿಗೆ ಹೋಗ್ರಿ, ಬಿಲ್ ಆದ ಮ್ಯಾಲ ಅಲ್ಲ. ಅಪ್ಪನ ಕಾರ್ಡಿನ ಬಗ್ಗೆ ಸಂಶಯ ಇದ್ರ 14555ಕ್ಕ ಫೋನ್ ಹಚ್ಚಿ ಕೇಳ್ರಿ.