ಅಮ್ಮನ ಸೇವೆ, ಭಾವನ ಪ್ರಶ್ನೆ: ರಕ್ಷಣೆಗೆ ನಂಬಿಕೆಯೊಂದೇ ಸಾಕೇ?

ಪ್ರಶ್ನೆ: ನಮ್ಮ ಮನೆ ಬದಿಯಡ್ಕದ ಹತ್ತಿರ. ಕೊಂಕಣಿ ಮಾತಾಡುವ ಕಥೋಲಿಕರು ನಾವು. ಅಮ್ಮನಿಗೆ ಎಪ್ಪತ್ತು ದಾಟಿದೆ. ರಾತ್ರಿಯ ತೇರ್ಸ್ (ಜಪಮಾಲೆ ಪ್ರಾರ್ಥನೆ) ತಪ್ಪಿಸಿದವರೇ ಅಲ್ಲ. ಪಕ್ಕದ ಮನೆಯಲ್ಲಿ ಎಂಡೋಸಲ್ಫಾನ್ ಬಾಧಿತ ಹುಡುಗನಿದ್ದಾನೆ, ಮಲಗಿದಲ್ಲೇ. ಅವನ ತಾಯಿ ಕಟ್ಟಿದ ಬೀಡಿ ಕೊಡಲು ಕಂಪೆನಿಯ ಬ್ರಾಂಚಿಗೆ ಹೋದಾಗಲೆಲ್ಲ ಅಮ್ಮನೇ ಹೋಗಿ ಗಂಜಿ ಕುಡಿಸಿ, ಬಾಯಿ ಒರೆಸಿ ಬರುತ್ತಾರೆ. ಅಕ್ಕನ ಗಂಡ ಗಲ್ಫಿನಲ್ಲಿ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದ್ದಾರೆ. ಈ ಸಲ ರಜೆಯಲ್ಲಿ ಬಂದವರು ಊಟಕ್ಕೆ ಕೂತಾಗ, "ನಿಮ್ಮ ಜಪ, ದಾನ, ಸೇವೆ ಯಾವುದೂ ಸ್ವರ್ಗಕ್ಕೆ ಒಯ್ಯುವುದಿಲ್ಲ ಮಾಂಯ್. ನಂಬಿಕೆಯೊಂದೇ ಸಾಕು. ನೀವು ರಕ್ಷಣೆ ಹೊಂದಿದ್ದೀರಾ?" ಎಂದು ಕೇಳಿದರು. ಅಮ್ಮ ಅಂದಿನಿಂದ ಮಂಕಾಗಿದ್ದಾರೆ. ಭಾವ ಹೇಳುವುದು ಸರಿಯೇ?

ಉತ್ತರ: ಅರ್ಧ ಸರಿ. ಆ ಅರ್ಧವನ್ನು ನಿಮ್ಮ ಇಗರ್ಜಿಯೂ (ಚರ್ಚೂ) ಹೇಳುತ್ತದೆ. ಅದು ಭಾವನಿಗೆ ಗೊತ್ತಿದ್ದಂತಿಲ್ಲ.

ಮನುಷ್ಯ ತನ್ನ ಕೆಲಸಗಳಿಂದಲೇ ಸ್ವರ್ಗ ಗಳಿಸುತ್ತಾನೆ ಎಂದು ಕಥೋಲಿಕ ಸಭೆ ಯಾವತ್ತೂ ಕಲಿಸಿಲ್ಲ. ಹಾಗೆ ಕಲಿಸುತ್ತಾನೆಂಬ ಆಪಾದನೆ ಹೊತ್ತ ಪೆಲಾಜಿಯಸ್ ಎಂಬ ಬೋಧಕನನ್ನು 418ರಲ್ಲೇ ಕಾರ್ತೇಜಿನಲ್ಲಿ ಸೇರಿದ ಬಿಷಪರ ಸಭೆ ಖಂಡಿಸಿತು. ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಜರ್ಮನಿಯ ಲೂಥರನಿಗೆ ಉತ್ತರ ಕೊಡಲೆಂದೇ ಸೇರಿದ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ರಕ್ಷಣೆಯ ಬಗ್ಗೆ ಕಟ್ಟಳೆಗಳನ್ನು ಹೊರಡಿಸಿತು. ಅದರ ಮೊದಲನೆಯ ಕಟ್ಟಳೆಯೇ ಇದು: ಕ್ರಿಸ್ತನ ಕೃಪೆಯಿಲ್ಲದೆ ಬರೀ ತನ್ನ ಕ್ರಿಯೆಗಳಿಂದ ಮನುಷ್ಯ ದೇವರ ಮುಂದೆ ನೀತಿವಂತನಾಗಬಲ್ಲ ಎನ್ನುವವನು ಸಭೆಯಿಂದ ಹೊರಗೆ. ಭಾವನಿಗೆ ಇದನ್ನು ತೋರಿಸಿ. ಆಶ್ಚರ್ಯಪಟ್ಟಾರು.

ಹಾಗಾದರೆ ಅವರಿಗೆ ಆ ಅನಿಸಿಕೆ ಬಂದದ್ದು ಎಲ್ಲಿಂದ? ನಮ್ಮ ಬಾಯಿಂದಲೇ. "ಒಂಬತ್ತು ವಾರ ನೊವೇನಾ ಮಾಡಿದೆ, ದೇವರು ಇನ್ನೂ ಕೊಡಲಿಲ್ಲ" ಎನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಫೆಸ್ತಿಗೆ ದೊಡ್ಡ ಮೊತ್ತ ಕೊಟ್ಟವರು ಇಗರ್ಜಿಯಲ್ಲಿ ಕೂರುವ ಠೀವಿ ನೋಡಿದ್ದೀರಲ್ವಾ? ಬೀಡಿ ಬ್ರಾಂಚಿನ ಲೆಕ್ಕ ಅದು. ಸಾವಿರ ಬೀಡಿ ಕೊಟ್ಟರೆ ಇಷ್ಟು ಮಜೂರಿ, ಕೊಡದಿದ್ದರೆ ಕೇಳುವ ಹಕ್ಕು ನನ್ನದು. ಬೈಬಲಿನಲ್ಲಿ ಸಂತ ಪೌಲ ರೋಮಾಪುರದವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ತಳ್ಳಿಹಾಕುವುದು ಇದೇ ಲೆಕ್ಕವನ್ನು. ಕೆಲಸ ಮಾಡಿದವನಿಗೆ ಸಿಗುವ ಕೂಲಿ ಬಾಕಿ ತೀರಿಕೆ, ಉಡುಗೊರೆಯಲ್ಲ. ದೇವರು ಕೊಡುವುದು ಉಡುಗೊರೆ.

ಇನ್ನು ಉಳಿದ ಅರ್ಧಕ್ಕೆ ಬರೋಣ.

ಭಾವ ಪೌಲನ ಮಾತು ಹಿಡಿದರೆ, ನೀವು ಅದೇ ಬೈಬಲಿನ ಯಾಕೋಬನ ಪತ್ರಿಕೆಯ (ಪತ್ರದ) ಎರಡನೆಯ ಅಧ್ಯಾಯ ತೆರೆಯಬಹುದು. ಮನುಷ್ಯ ನೀತಿವಂತನಾಗುವುದು ಕ್ರಿಯೆಗಳಿಂದ, ಬರೀ ನಂಬಿಕೆಯಿಂದಲ್ಲ ಎಂದು ಅಲ್ಲಿ ನೇರವಾಗಿಯೇ ಇದೆ. ಪೌಲ ನೋಡಿದರೆ ನ್ಯಾಯಪ್ರಮಾಣದ, ಅಂದರೆ ಮೋಶೆಯ ನಿಯಮದ, ಕ್ರಿಯೆಗಳಿಲ್ಲದೆ ನಂಬಿಕೆಯಿಂದ ಎನ್ನುತ್ತಾನೆ. ಮೇಲಿಂದ ಓದಿದರೆ ಜಗಳವೇ ಸೈ. ಈ ಜಗಳ ಬಿಡಿಸಲು ಒಂದು ದಾರಿಯಿದೆ: ಇಬ್ಬರೂ ಯಾರ ಜತೆ ವಾದ ಮಾಡುತ್ತಿದ್ದರು ಎಂದು ನೋಡುವುದು.

ಪೌಲನ ಎದುರು ಇದ್ದವರು, ಬೇರೆ ಜನಾಂಗದಿಂದ ಬಂದ ಹೊಸಬರಿಗೆ "ಮೊದಲು ಸುನ್ನತಿ ಮಾಡಿಸಿಕೊಳ್ಳಿ, ಮೋಶೆಯ ನಿಯಮ ಪಾಲಿಸಿ, ಆಮೇಲೆ ರಕ್ಷಣೆ" ಎನ್ನುತ್ತಿದ್ದವರು. ಅವರಿಗೆ ಪೌಲ ಬಾಗಿಲು ಹಾಕಿದ. ಯಾಕೋಬನ ಎದುರು ಇದ್ದವರೇ ಬೇರೆ. ಅವನು ಒಂದು ಸಭೆಯ ಒಳಗಿನ ಚಿತ್ರ ಕೊಡುತ್ತಾನೆ. ಬೆರಳಿಗೆ ಚಿನ್ನದ ಉಂಗುರ ಹಾಕಿದವನು ಬಂದರೆ "ಇಲ್ಲಿ ಕೂತುಕೊಳ್ಳಿ" ಎಂದು ಒಳ್ಳೆಯ ಜಾಗ. ಕೊಳಕು ಬಟ್ಟೆಯ ಬಡವ ಬಂದರೆ "ಅಲ್ಲೇ ನಿಲ್ಲು, ಇಲ್ಲಾ ಕಾಲ ಹತ್ತಿರ ಕೂತುಕೋ". ಹೊಟ್ಟೆಗಿಲ್ಲದವನಿಗೆ "ಸಮಾಧಾನದಿಂದ ಹೋಗು, ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ" ಎಂದು ಹರಸಿ ಕಳಿಸುವ ಜನ ಅವರು. ಕೈಯಿಂದ ಮಾತ್ರ ಏನೂ ಬಿಚ್ಚುವುದಿಲ್ಲ. ದೇವರು ಒಬ್ಬನೇ ಎಂದು ನಂಬುತ್ತೀಯಾ, ದೆವ್ವಗಳೂ ನಂಬಿ ನಡುಗುತ್ತವೆ ಎಂದು ಯಾಕೋಬ ಕುಟುಕುವುದು ಇವರಿಗೆ.

ಅಬ್ರಹಾಮನ ಉದಾಹರಣೆ ಇಬ್ಬರೂ ಕೊಡುತ್ತಾರೆ. ಪೌಲ ಎತ್ತಿಕೊಳ್ಳುವುದು ಆದಿಕಾಂಡದ 15ನೆಯ ಅಧ್ಯಾಯ: ಅಬ್ರಹಾಮ ದೇವರ ಮಾತು ನಂಬಿದ, ದೇವರು ಅವನನ್ನು ನೀತಿವಂತನೆಂದು ಎಣಿಸಿದ. ಆಗಿನ್ನೂ ಸುನ್ನತಿಯೂ ಆಗಿರಲಿಲ್ಲ. ಯಾಕೋಬ ಹೋಗುವುದು 22ನೆಯ ಅಧ್ಯಾಯಕ್ಕೆ, ಮಗನನ್ನು ಬಲಿಪೀಠದ ಮೇಲೆ ಮಲಗಿಸಿದ ಹೊತ್ತಿಗೆ. ನಡುವೆ ಎಷ್ಟೋ ವರ್ಷ ಕಳೆದಿದೆ. ಮೊದಲು ಹುಟ್ಟಿದ ನಂಬಿಕೆ ಅಲ್ಲಿ ಪೂರ್ತಿಯಾಯಿತು ಎಂದು ಯಾಕೋಬನೇ ಹೇಳುತ್ತಾನೆ. ಒಬ್ಬ ಆರಂಭ ನೋಡಿದ, ಇನ್ನೊಬ್ಬ ಅದರ ಬೆಳವಣಿಗೆ ನೋಡಿದ. ಪೌಲನೂ ಗಲಾತ್ಯದವರಿಗೆ ಬರೆಯುವಾಗ ಲೆಕ್ಕಕ್ಕೆ ಬರುವುದು ಪ್ರೀತಿಯ ಮೂಲಕ ಕೆಲಸ ಮಾಡುವ ನಂಬಿಕೆ ಎನ್ನುತ್ತಾನೆ.

ಮತ್ತೆ ಯುರೋಪಿನ ಕ್ರೈಸ್ತರು ಕಥೋಲಿಕ, ಪ್ರೊಟೆಸ್ಟಂಟ್ ಎಂದು ಒಡೆದದ್ದು ಯಾಕೆ? 1517ರ ಹೊತ್ತಿಗೆ ರೋಮಿನ ಸಂತ ಪೇತ್ರರ ದೇವಾಲಯ ಕಟ್ಟಲು ಪಾಪದ ಶಿಕ್ಷೆ ತಗ್ಗಿಸುವ ಪತ್ರಗಳನ್ನು ಹಣಕ್ಕೆ ಹಂಚುತ್ತಿದ್ದರು. ಲೂಥರ್ ಸಿಟ್ಟಾದದ್ದರಲ್ಲಿ ತಪ್ಪಿಲ್ಲ. ಆಮೇಲೆ ಎರಡೂ ಕಡೆ ಮಾತು ಬಿಸಿಯಾಯಿತು. ಯಾಕೋಬನ ಪತ್ರಿಕೆಯನ್ನು ಲೂಥರ್ ಒಣಹುಲ್ಲಿನ ಪತ್ರಿಕೆ, ಅಂದರೆ ಹುರುಳಿಲ್ಲದ್ದು, ಎಂದೂ ಕರೆದ. ಹಾಗಂತ ಒಳ್ಳೆಯ ಕೆಲಸ ಬೇಡ ಎಂದವನಲ್ಲ ಅವನು. ನಂಬಿಕೆ ಸುಮ್ನೆ ಕೂರುವ ವಸ್ತುವೇ ಅಲ್ಲ, ಕೇಳುವ ಮೊದಲೇ ಕೆಲಸಕ್ಕೆ ಇಳಿದಿರುತ್ತದೆ ಎನ್ನುವುದು ಅವನ ವಾದ.

ಇದಕ್ಕೆ ಸಾಕ್ಷಿ ನಮ್ಮ ಕರಾವಳಿಯಲ್ಲೇ ಇದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. "ನಂಬಿಕೆಯೊಂದೇ" ಎನ್ನುವ ಪರಂಪರೆಯವರು. ಬಂದು ಮಾಡಿದ್ದೇನು? ಶಾಲೆ, ನೇಯ್ಗೆ, ಹಂಚಿನ ಕಾರ್ಖಾನೆ, ಅಚ್ಚುಕೂಟ. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಅವರಲ್ಲೊಬ್ಬರಾದ ಮೋಗ್ಲಿಂಗರ ಕೈಯಿಂದ. ಕಿಟ್ಟೆಲ್ ಅವರ ನಿಘಂಟು ಇಲ್ಲದೆ ನಮ್ಮ ಕನ್ನಡ ಪಂಡಿತರ ಮೇಜು ಪೂರ್ತಿಯಾಗುವುದಿಲ್ಲ. ಕ್ರಿಯೆ ಲೆಕ್ಕಕ್ಕಿಲ್ಲ ಎಂದು ನಂಬಿದವರು ಇಷ್ಟೆಲ್ಲ ಮಾಡುತ್ತಿದ್ದರೇ?

1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಕಥೋಲಿಕ ಸಭೆ ಮತ್ತು ಲೂಥರನ್ ಜಾಗತಿಕ ಒಕ್ಕೂಟ ಕೂತು ಒಂದು ಜಂಟಿ ಘೋಷಣೆಗೆ ಸಹಿ ಹಾಕಿದವು. ತಿರುಳು ಇಷ್ಟು: ನಮ್ಮ ಯಾವ ಅರ್ಹತೆಯಿಂದಲೂ ಅಲ್ಲ, ಕೃಪೆಯಿಂದ ಮಾತ್ರ, ಕ್ರಿಸ್ತನ ಮೇಲಿನ ನಂಬಿಕೆಯಲ್ಲಿ ದೇವರು ನಮ್ಮನ್ನು ಸ್ವೀಕರಿಸುತ್ತಾನೆ. ಪವಿತ್ರಾತ್ಮ ನಮ್ಮ ಹೃದಯವನ್ನು ಹೊಸದಾಗಿಸಿ ಒಳ್ಳೆಯ ಕೆಲಸಕ್ಕೆ ಸಜ್ಜು ಮಾಡುತ್ತಾನೆ. ಮೆಥಡಿಸ್ಟರು 2006ರಲ್ಲಿ ಇದಕ್ಕೆ ಸೇರಿದರು, ರಿಫಾರ್ಮ್ಡ್ ಸಭೆಗಳ ಒಕ್ಕೂಟ 2017ರಲ್ಲಿ. ನಿಮ್ಮ ಭಾವ ಹೋಗುವಂಥ ಪ್ರಾರ್ಥನಾ ಕೂಟಗಳು ಈ ಘೋಷಣೆಯಲ್ಲಿಲ್ಲ. ಹಾಗಾಗಿ ಅಲ್ಲಿ ಇನ್ನೂ ಹಳೆಯ ವಾದವೇ ಓಡುತ್ತಿರಬಹುದು.

ಎಲ್ಲವೂ ಬಗೆಹರಿದಿದೆ ಎಂದಲ್ಲ. ಕೃಪೆಯಲ್ಲಿ ಮಾಡಿದ ಒಳ್ಳೆಯ ಕೆಲಸಕ್ಕೆ ಪ್ರತಿಫಲವಿದೆ ಎಂದು ನಾವು ಕಥೋಲಿಕರು ಹೇಳುತ್ತೇವೆ. ಪ್ರೊಟೆಸ್ಟಂಟರಿಗೆ ಆ ಮಾತು ಇವತ್ತಿಗೂ ಕಸಿವಿಸಿ. ಇಲ್ಲಿ ನನಗೆ ಹಿಡಿಸುವುದು ಸಂತ ಅಗಸ್ಟೀನನ ಮಾತು: ನಮ್ಮ ಪುಣ್ಯಕ್ಕೆ ದೇವರು ಕಿರೀಟ ತೊಡಿಸುವಾಗ ತಾನೇ ಕೊಟ್ಟ ವರಗಳಿಗೆ ತೊಡಿಸುತ್ತಾನೆ. ಇನ್ನೊಂದು ವ್ಯತ್ಯಾಸ ಭಾವ ಕೇಳಿದ ಪ್ರಶ್ನೆಯಲ್ಲೇ ಇದೆ. "ರಕ್ಷಣೆ ಹೊಂದಿದ್ದೀರಾ?" ಅಂದರೆ ಅವರಿಗೆ ಇಂಥ ದಿನ ಮುಗಿದ ಸಂಗತಿ. ಆದರೆ ಪೌಲನಲ್ಲಿ ಮೂರೂ ಇವೆ. ರಕ್ಷಣೆ ಹೊಂದಿದೆವು (ರೋಮಾ 8:24), ಹೊಂದುತ್ತಿದ್ದೇವೆ (1 ಕೊರಿಂಥ 1:18), ಹೊಂದುವೆವು (ರೋಮಾ 5:9). ಅಮ್ಮ ಈ ಮೂರನ್ನೂ ಹೇಳಬಹುದು, ಧೈರ್ಯವಾಗಿ.

ಈಗ ಮಾಡಬೇಕಾದ್ದು. ಭಾವ ಊರಲ್ಲಿರುವಾಗಲೇ ಅವರ ಜತೆ ಕೂತು ಎಫೆಸದವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಓದಿ. ಎಂಟು, ಒಂಬತ್ತನೆಯ ವಚನ ಅವರಿಗೆ ಬಾಯಿಪಾಠ ಬರುತ್ತದೆ, ಖಂಡಿತ: ಕೃಪೆಯಿಂದ, ನಂಬಿಕೆಯ ಮೂಲಕ, ಕ್ರಿಯೆಗಳಿಂದಲ್ಲ, ಯಾರೂ ಹೊಗಳಿಕೊಳ್ಳಬಾರದು. ಅಲ್ಲಿ ನಿಲ್ಲಿಸಲು ಬಿಡಬೇಡಿ. ಹತ್ತನೆಯದನ್ನೂ ಓದಿಸಿ. ದೇವರು ಮೊದಲೇ ಸಿದ್ಧಮಾಡಿಟ್ಟ ಒಳ್ಳೆಯ ಕೆಲಸಗಳಲ್ಲಿ ನಡೆಯುವುದಕ್ಕಾಗಿಯೇ ನಮ್ಮನ್ನು ಕ್ರಿಸ್ತನಲ್ಲಿ ಸೃಷ್ಟಿಸಿದ್ದಾನೆ ಎಂದು ಅದರಲ್ಲಿದೆ. ಅಮ್ಮ ಪಕ್ಕದ ಮನೆಗೆ ಹೋಗುವುದು ಮಜೂರಿಗಾಗಿ ಎಂದು ಭಾವನಿಗೆ ಅನಿಸಿದ್ದು ಹೇಗೋ ನನಗೆ ತಿಳಿಯದು. ಅಮ್ಮನನ್ನೇ ಒಮ್ಮೆ ಕೇಳಿ ನೋಡಿ. "ಪಾಪ, ಆ ಹುಡುಗನಿಗೆ ಹಸಿವಾಗುತ್ತದಲ್ಲ" ಎಂದಾರು, ಅಷ್ಟೇ. ಇನ್ನೊಬ್ಬರ ರಕ್ಷಣೆಯನ್ನು ಊಟದ ಮೇಜಿನಲ್ಲಿ ಅಳೆಯುವ ಅಧಿಕಾರ ಮಾತ್ರ ಅಳಿಯನಿಗೂ ಇಲ್ಲ, ಪಾದ್ರಿಗೂ ಇಲ್ಲ.

ಪ್ರಶ್ನೆ: ನಾನು ಹಿಂದೂ, ಮಂಜೇಶ್ವರದವನು. ಕ್ರಿಸ್ತನನ್ನು ನಂಬದೆ ಒಳ್ಳೆಯ ಕೆಲಸ ಮಾಡಿದವರ ಗತಿಯೇನು ಎಂದು ಕ್ರೈಸ್ತ ಗೆಳೆಯರನ್ನು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ಸಭೆಗಳೇ ಒಂದೊಂದು ಹೇಳುತ್ತವೆ, ಗೆಳೆಯರ ತಪ್ಪಲ್ಲ. ಕೆಲವು ಸಭೆಗಳು ಹೆಸರು ಹಿಡಿದು ನಂಬಲೇಬೇಕು ಎನ್ನುತ್ತವೆ. ಕಥೋಲಿಕ ಸಭೆಯ ನಿಲುವನ್ನು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಬರೆದಿಟ್ಟಿದೆ: ತಮ್ಮ ತಪ್ಪಿಲ್ಲದೆ ಕ್ರಿಸ್ತನನ್ನು ಅರಿಯದವರು ಪ್ರಾಮಾಣಿಕವಾಗಿ ದೇವರನ್ನು ಹುಡುಕಿ, ಮನಸ್ಸಾಕ್ಷಿ ತೋರಿದಂತೆ ನಡೆಯಲು ಯತ್ನಿಸಿದರೆ ಅವರೂ ರಕ್ಷಣೆ ಹೊಂದಬಲ್ಲರು. ಗಮನಿಸಿ, ಇಲ್ಲಿಯೂ ಬರೀ ಒಳ್ಳೆಯ ಕೆಲಸದ ಬಲದಿಂದ ಎಂದಿಲ್ಲ. ಆ ಯತ್ನವನ್ನು ನಡೆಸುವುದೂ ಕೃಪೆಯೇ ಎನ್ನುತ್ತದೆ ಸಭೆ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯ ಓದಿ ನೋಡಿ. ಹಸಿದವನಿಗೆ ಊಟ ಕೊಟ್ಟವರು "ಪ್ರಭುವೇ, ನಿನಗೆ ಯಾವಾಗ ಕೊಟ್ಟೆವು?" ಎಂದು ಕೇಳುತ್ತಾರೆ. ಕೊಟ್ಟದ್ದು ತನಗೇ ಎಂದು ಪ್ರಭು ಹೇಳುವವರೆಗೆ ಅವರಿಗೇ ಗೊತ್ತಿರಲಿಲ್ಲ.

ಪ್ರಶ್ನೆ: ಉಪ್ಪಳದಲ್ಲಿರುವ ನನ್ನ ದೊಡ್ಡಪ್ಪ ಎಷ್ಟೋ ವರ್ಷಗಳಿಂದ ಇಗರ್ಜಿ ಕಡೆ ತಲೆ ಹಾಕಿಲ್ಲ. ಕುಡಿತ, ಜಗಳ ಎಲ್ಲಾ ಇತ್ತು. ಈಗ ಹಾಸಿಗೆ ಹಿಡಿದು ಪಾದ್ರಿಯನ್ನು ಕರೆಸಿ ಎನ್ನುತ್ತಾರೆ. ನೆಂಟರು "ಈಗ ನೆನಪಾಯಿತಾ" ಎಂದು ನಗುತ್ತಾರೆ. ಕೊನೆಗೆ ನಂಬಿದರೂ ಸಾಕೆಂದರೆ ಉಳಿದವರು ಕಷ್ಟಪಡುವುದು ಯಾಕೆ?

ಉತ್ತರ: ಯೇಸುವಿನ ಪಕ್ಕದಲ್ಲಿ ಶಿಲುಬೆಗೇರಿದ ಕಳ್ಳನಿಗೆ ಜ್ಞಾನಸ್ನಾನವೂ ಇಲ್ಲ, ದಾನವೂ ಇಲ್ಲ. ಆದರೂ ಯೇಸು ಅವನಿಗೆ ಸ್ವರ್ಗದ ಮಾತು ಕೊಟ್ಟ. ಆದರೆ ಲೂಕ ತನ್ನ ಶುಭಸಂದೇಶದಲ್ಲಿ ಬರೆದದ್ದನ್ನು ನಿಧಾನವಾಗಿ ಓದಿ. ಅವನು ತನ್ನ ತಪ್ಪು ಒಪ್ಪಿಕೊಂಡ. ಗೇಲಿ ಮಾಡುತ್ತಿದ್ದ ಇನ್ನೊಬ್ಬನನ್ನು ಗದರಿಸಿದ. ಎಲ್ಲರೂ ಯೇಸುವನ್ನು ಹಂಗಿಸುತ್ತಿದ್ದ ಹೊತ್ತಿನಲ್ಲಿ ಇವನು ನಿರಪರಾಧಿ ಎಂದ. ಕೈಕಾಲಿಗೆ ಮೊಳೆ ಹೊಡೆಸಿಕೊಂಡವನು ಅದಕ್ಕಿಂತ ಜಾಸ್ತಿ ಏನು ಮಾಡಬಲ್ಲ?

ಉಳಿದವರ ಗೊಣಗಾಟ ಹೊಸದಲ್ಲ. ಯೇಸು ಹೇಳಿದ ಕತೆಯೊಂದರಲ್ಲಿ, ದ್ರಾಕ್ಷಿತೋಟದಲ್ಲಿ ಬೆಳಗ್ಗಿನಿಂದ ದುಡಿದವರು, ಸಂಜೆ ಬಂದವನಿಗೂ ಅಷ್ಟೇ ಕೊಟ್ಟಿರಲ್ಲ ಎಂದು ಯಜಮಾನನ ಹತ್ತಿರ ಹೀಗೇ ಗೊಣಗಿದ್ದರು.

ದೊಡ್ಡಪ್ಪನ ವಿಷಯದಲ್ಲಿ ತಡ ಮಾಡಬೇಡಿ. ನಿಮ್ಮ ವಾಡೆಯ ಗುರ್ಕಾರರಿಗೆ (ಇಗರ್ಜಿಯ ವಾರ್ಡಿನ ಮುಖಂಡರಿಗೆ) ಹೇಳಿ ಇವತ್ತೇ ಪಾದ್ರಿಯವರನ್ನು ಕರೆಸಿ. ಪಾಪನಿವೇದನೆ ಮಾಡುವಾಗ ಕೋಣೆಯಲ್ಲಿ ಬೇರೆ ಯಾರೂ ಇರಕೂಡದು. ನಗುವ ನೆಂಟರನ್ನು ಜಗಲಿಯಲ್ಲಿ ಕೂರಿಸಿ, ಚಾ ಕೊಡಿ.